ಪಾಲಣ್ಣನ ಎಡಗಿವಿ

ಮಿಲಿಟರಿ ಬಿಟ್ಟು ಊರಿಗೆ ಬಂದವನನ್ನು ಜನ ಮೊದಲ ವಾರ ಸುತ್ತ ಕೂತು ಕತೆ ಕೇಳುತ್ತಾರೆ. ಎರಡನೇ ತಿಂಗಳಿಗೆ "ಇನ್ನೇನಪ್ಪ ಮುಂದೆ?" ಎನ್ನುತ್ತಾರೆ. ಆರನೇ ತಿಂಗಳಿಗೆ "ಕರೆದರೆ ತಿರುಗಿಯೂ ನೋಡಲ್ಲ, ಅವನಿಗೆ ಮಿಲ್ಟ್ರಿ ಸೊಕ್ಕು" ಎಂದು ಮಾತು ಮುಗಿಸಿಬಿಡುತ್ತಾರೆ. ಮದಕರಿಪುರದ ಪಾಲಣ್ಣನಿಗೂ ಹೀಗೇ ಆಯಿತು.

ಪಾಲಣ್ಣ ಕುರಿ ಕಾಯುವ ಮನೆತನದವನು. ಅವನು ಎಸ್ಸೆಸ್ಸೆಲ್ಸಿ ಪಾಸಾದ ವರ್ಷವೇ ಚೀನಾ ಯುದ್ಧ ಬಂತು. ದುರ್ಗಕ್ಕೆ ಭರ್ತಿ ಮಾಡಿಕೊಳ್ಳಲು ಬಂದವರ ಮುಂದೆ ನಿಂತು ಎದೆಯ ಅಳತೆ ಕೊಟ್ಟು ಸೇರಿಬಿಟ್ಟ. ಹನ್ನೆರಡು ವರ್ಷ ಫಿರಂಗಿ ದಳದಲ್ಲಿ ದುಡಿದ. ಎಪ್ಪತ್ತೊಂದರ ಯುದ್ಧ ಮುಗಿಯುವ ತನಕ ಹಗಲೂ ರಾತ್ರಿ ಗನ್ನಿನ ಪಕ್ಕದಲ್ಲೇ ಇದ್ದ. ಎಪ್ಪತ್ತೈದರಲ್ಲಿ ಬಿಡುಗಡೆ ಕಾಗದ ಹಿಡಿದು ಊರಿಗೆ ಬಂದಾಗ ಅವನ ವಯಸ್ಸು ಮೂವತ್ತು ದಾಟಿತ್ತು. ಮನೆಯಲ್ಲಿ ಹೆಂಡತಿ ಚಿತ್ತಮ್ಮ, ಎರಡು ವರ್ಷದ ಮಗಳು, ಕುರಿ ಹಿಂಡು ನೋಡಿಕೊಳ್ಳುವ ಅಣ್ಣ ಯತ್ತಪ್ಪ.

ದಳದಲ್ಲಿ ಓದು ಬಾರದ ಜವಾನರಿಗೆ ಊರಿನಿಂದ ಬಂದ ಕಾಗದ ಓದಿ ಹೇಳುತ್ತಿದ್ದವನು ಪಾಲಣ್ಣನೇ. ಉತ್ತರ ಬರೆದುಕೊಡುತ್ತಿದ್ದವನೂ ಅವನೇ. ಕಾಗದ ಕೇಳುತ್ತಾ ಕೇಳುತ್ತಾ ಅರಳುವ ಆ ಮುಖಗಳನ್ನು ನೋಡಿ ಅವನಿಗೊಂದು ಆಸೆ ಹುಟ್ಟಿತ್ತು. ಊರಿಗೆ ಹೋದ ಮೇಲೆ ಪಿಯುಸಿ ಓದಬೇಕು, ಮೇಷ್ಟ್ರ ತರಬೇತಿ ಪಡೆಯಬೇಕು, ಯಾವುದಾದರೂ ಹಳ್ಳಿಯ ಶಾಲೆಯಲ್ಲಿ ನಾಲ್ಕು ಮಕ್ಕಳಿಗೆ ಅಕ್ಷರ ಹೇಳಿಕೊಡಬೇಕು. ಬಂದ ವರ್ಷವೇ ದುರ್ಗದ ಕಾಲೇಜಿನಲ್ಲಿ ಹೆಸರು ಬರೆಸಿದ. ದಿನವೂ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದ.

ಸೇರಿದ್ದು ಸುಲಭವಾಗಿತ್ತು, ಕೂರುವುದು ಕಷ್ಟವಾಯಿತು. ತರಗತಿಯಲ್ಲಿ ಇದ್ದವರೆಲ್ಲ ಹದಿನಾರು ಹದಿನೇಳರ ಹುಡುಗರು, ಹುಡುಗಿಯರು. ಮೀಸೆಯಲ್ಲಿ ಒಂದೆರಡು ಬಿಳಿ ಕೂದಲು ಇದ್ದವನು ಇವನೊಬ್ಬನೇ. ನಾಚಿಕೆಗೆ ಹಿಂದಿನ ಬೆಂಚು ಹಿಡಿದ. ಮೊದಲ ದಿನ ಮೇಷ್ಟ್ರು ಒಳಗೆ ಬಂದಾಗ ಅಭ್ಯಾಸಬಲದಿಂದ ಸಟ್ಟನೆ ಎದ್ದು ಹಿಮ್ಮಡಿ ಕೂಡಿಸಿ ನಿಂತ. ಬೂಟಿನ ಸದ್ದಿಗೆ ಎಲ್ಲರೂ ತಿರುಗಿ ನೋಡಿ ಕಿಸಕ್ಕನೆ ನಕ್ಕರು. ಅಂದೇ ಅವನಿಗೆ ಹೆಸರು ಬಿತ್ತು: ಮಿಲ್ಟ್ರಿ ಮಾವ.

ಆ ಹೆಸರನ್ನು ಹೇಗೋ ನುಂಗಿಕೊಂಡ. ನುಂಗಲಾಗದೆ ಹೋದದ್ದು ಆ ಹೊಸ ಬದುಕಿನ ಬಗೆ. ದಳದಲ್ಲಿ ಏಳುವುದಕ್ಕೊಂದು ಕಹಳೆ, ಉಣ್ಣುವುದಕ್ಕೊಂದು ಸೀಟಿ, ಮಲಗುವುದಕ್ಕೆ ಇನ್ನೊಂದು ಕಹಳೆ. ಯಾವ ಕೆಲಸ, ಎಷ್ಟು ಹೊತ್ತು, ಯಾರ ಜೊತೆ, ಎಲ್ಲವನ್ನೂ ಯಾರೋ ಹೇಳುತ್ತಿದ್ದರು. ಇಲ್ಲಿ ಪುಸ್ತಕ ತೆರೆಯೋ ಎನ್ನುವವರಿಲ್ಲ, ಮುಚ್ಚೋ ಎನ್ನುವವರೂ ಇಲ್ಲ. ನಸುಕಿನ ನಾಲ್ಕಕ್ಕೇ ಎಚ್ಚರವಾಗುತ್ತಿತ್ತು. ಪುಸ್ತಕ ಹಿಡಿದರೆ ಒಂದೇ ಪುಟವನ್ನು ಮೂರು ಸಲ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ಸಂಜೆ ಸೈಕಲ್ ತುಳಿದು ಮನೆಗೆ ಬರುವಷ್ಟರಲ್ಲಿ ಮೈಯೆಲ್ಲ ಸೋತು ಹೋಗಿರುತ್ತಿತ್ತು. ಮೂವತ್ತು ಮೈಲಿ ಮೂಟೆ ಹೊತ್ತು ನಡೆದಾಗಲೂ ಇಷ್ಟು ಸುಸ್ತಾಗಿರಲಿಲ್ಲ ಎಂದುಕೊಳ್ಳುತ್ತಿದ್ದ.

ಅರ್ಥಶಾಸ್ತ್ರದ ಮೇಷ್ಟ್ರು ಏಕಾಂತಪ್ಪನವರು ಪಾಲಣ್ಣನಿಗಿಂತ ನಾಲ್ಕು ವರ್ಷ ಚಿಕ್ಕವರು. ಮೆಲುದನಿ. ಪಾಠ ಹೇಳುತ್ತಾ ಕರಿಹಲಗೆಯ ಕಡೆ ತಿರುಗಿ ಬರೆಯುತ್ತಾ ಹೋಗುವುದು ಅವರ ರೂಢಿ. ಪಾಲಣ್ಣ ಅವರ ಮಾತಿನಲ್ಲಿ ಅರ್ಧ ಬರೆದುಕೊಳ್ಳುತ್ತಿದ್ದ, ಅರ್ಧ ಖಾಲಿ ಬಿಡುತ್ತಿದ್ದ. ಮನೆಗೆ ಬಂದು ನೋಡಿದರೆ ಬರೆದದ್ದಕ್ಕೆ ತಲೆಯೂ ಇಲ್ಲ, ಬುಡವೂ ಇಲ್ಲ.

ಒಂದು ದಿನ ಅವರು ಪಾಠದ ನಡುವೆ ತಿರುಗಿ ಕೇಳಿದರು.

"ಪಾಲಣ್ಣ, ನೀವು ಹೇಳಿ. ಸರಕು ಅಂದರೆ ಏನು?"

ಪಾಲಣ್ಣ ಎದ್ದು ನೆಟ್ಟಗೆ ನಿಂತ. ಗೊತ್ತಿರುವ ಪ್ರಶ್ನೆಯೇ ಬಂತಲ್ಲ ಎಂದು ಒಳಗೊಳಗೇ ಖುಷಿಯಾಯಿತು. "ಸರ್ಕಾರ ಅಂದರೆ, ಸಾರ್, ಪ್ರಜೆಗಳು ಓಟು ಹಾಕಿ ಆರಿಸಿದವರು ದೇಶ ನಡೆಸೋದು ಸಾರ್!"

ಪೆರೇಡು ಮೈದಾನದಲ್ಲಿ ಕೂಗಿದ ಹಾಗೆ ಹೇಳಿದ. ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಯಾಕೆ ನಗುತ್ತಿದ್ದಾರೆ ಎಂಬುದೂ ಅವನಿಗೆ ತಿಳಿಯಲಿಲ್ಲ. ಮೇಷ್ಟ್ರು ಮುಖ ಗಂಟು ಹಾಕಿ "ಕೂತುಕೊಳ್ಳಿ" ಎಂದರು. ತಮಾಷೆ ಮಾಡುತ್ತಿದ್ದಾನೆ ಎಂದೇ ಅವರಿಗೆ ಅನ್ನಿಸಿರಬೇಕು.

ಅರ್ಧವಾರ್ಷಿಕ ಪರೀಕ್ಷೆಯ ಫಲ ಬಂತು. ಅರ್ಥಶಾಸ್ತ್ರದಲ್ಲಿ ಹದಿನೆಂಟು. ಇಂಗ್ಲಿಷಿನಲ್ಲಿ ಅದಕ್ಕಿಂತ ಕಡಿಮೆ. ಆ ಸಂಜೆ ಪಾಲಣ್ಣ ಸೈಕಲ್ ತುಳಿಯಲಿಲ್ಲ, ತಳ್ಳಿಕೊಂಡೇ ಊರಿಗೆ ಬಂದ.

ಮನೆಯ ಮುಂದೆ ಯತ್ತಪ್ಪ ಕುರಿಗಳನ್ನು ರೊಪ್ಪಕ್ಕೆ ಕೂಡುತ್ತಿದ್ದ. ತಮ್ಮನ ಮುಖ ನೋಡಿಯೇ ಅವನಿಗೆ ಗೊತ್ತಾಯಿತು.

"ಏನಲೇ, ಡುಮ್ಕಿನಾ?"

ಪಾಲಣ್ಣ ಸೈಕಲ್ಲನ್ನು ಗೋಡೆಗೆ ಒರಗಿಸಿದ.

"ನಾನು ಮೊದ್ಲೇ ಹೇಳ್ಲಿಲ್ವಾ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ? ಎಣ್ಣೆ ಮಿಲ್ನೋರು ಕಾವಲಿಗೆ ಮಿಲ್ಟ್ರಿಯೋನೇ ಬೇಕು ಅಂತ ಕೇಳ್ತಾ ಅವ್ರೆ. ಬಾಗಲಾಗೆ ಕೋಲು ಹಿಡ್ಕಂಡು ನಿಂತ್ರೆ ಸಾಕು. ಆ ಹುಡುಗ್ರ ಜೊತೆ ಯಾಕೆ ಮಾನ ಕಳ್ಕಂತೀಯ?"

"ಸೋಮವಾರ ಹೋಗಿ ಹೆಸ್ರು ತೆಗೆಸಿ ಬರ್ತೀನಿ ಬಿಡಣ್ಣ" ಎಂದ ಪಾಲಣ್ಣ. ಹಾಗೆ ಹೇಳುವಾಗ ಅವನಿಗೆ ದುಃಖವೂ ಆಗಲಿಲ್ಲ. ಮಲಗಿಬಿಟ್ಟರೆ ಸಾಕಾಗಿತ್ತು.

ಮರುದಿನ ಶನಿವಾರ. ನರ್ಸು ನಸೀಬಾ ಹಟ್ಟಿಗೆ ಬಂದರು. ನಸೀಬಾ ದುರ್ಗದ ಪೇಟೆಯವರು. ತಿಂಗಳಿಗೊಮ್ಮೆ ಬಂದು ಮಕ್ಕಳಿಗೆ ಚುಚ್ಚುಮದ್ದು ಹಾಕುವುದು, ಬಸುರಿಯರನ್ನು ನೋಡುವುದು ಅವರ ಕೆಲಸ. ಹಟ್ಟಿಯ ಹೆಂಗಸರಿಗೆಲ್ಲ ಅವರು ನಸೀಬಕ್ಕ. ಪಾಲಣ್ಣ ಜಗುಲಿಯ ಮೇಲೆ ಕೂತಿದ್ದ. ನಸೀಬಾ ಅವನ ಎಡಗಡೆಯಿಂದ ಬಂದು "ಪಾಲಣ್ಣ, ಮಗಳೆಲ್ಲಿ?" ಎಂದರು. ಅವನು ಬೀದಿ ನೋಡುತ್ತಾ ಕೂತೇ ಇದ್ದ. ಇನ್ನೆರಡು ಸಲ ಕರೆದರು. ಊಹೂಂ. ಅಷ್ಟರಲ್ಲಿ ಚಿತ್ತಮ್ಮ ಮಗುವನ್ನು ಎತ್ತಿಕೊಂಡು ಒಳಗಿನಿಂದ ಬಂದಳು.

"ಬರ್ರಿ ನಸೀಬಕ್ಕ, ಕುಂತ್ಕಳ್ರಿ. ಅವ್ರನ್ನ ಮಾತಾಡಿಸ್ಬ್ಯಾಡ್ರಿ. ಕಾಲೇಜು ಬಿಡ್ತಾರಂತೆ. ರಾತ್ರಿ ಉಂಡೂ ಇಲ್ಲ."

ನಸೀಬಾ ಮಗುವಿಗೆ ಚುಚ್ಚುಮದ್ದು ಹಾಕಿದರು. ಮಗು ಕಿಟಾರನೆ ಕಿರುಚಿತು. ಆಗ ಪಾಲಣ್ಣ ಬೆಚ್ಚಿ ಬಲಗಡೆಗೆ ತಿರುಗಿದ. ಮಗು ಅಳುತ್ತಿದ್ದದ್ದು ಅವನ ಎಡಗಡೆ. ನಸೀಬಾ ಅದನ್ನು ನೋಡಿದರು. ಸೂಜಿ ಎತ್ತಿಟ್ಟು, ಕೈ ತೊಳೆದು, ಅವನ ಬಲಗಡೆಗೆ ಹೋಗಿ ಕೂತರು.

"ಪಾಲಣ್ಣ, ಆಗ್ಲೇ ಮೂರು ಸಲ ಕರೆದೆ. ಕೇಳಿಸಲಿಲ್ವಾ?"

"ಯಾವಾಗ ಕರೆದ್ರಿ?" ಎಂದ ಅವನು, ಬೇಕಾದ್ದಕ್ಕಿಂತ ಜೋರಾಗಿ.

"ಒಂದು ನಿಮಿಷ ಕಣ್ಣು ಮುಚ್ಕೊಳ್ಳಿ. ಸದ್ದು ಕೇಳಿಸಿದ್ರೆ ಕೈ ಎತ್ತಿ."

ನಸೀಬಾ ತಮ್ಮ ಕೈಗಡಿಯಾರ ಬಿಚ್ಚಿ ಅವನ ಬಲಗಿವಿಯ ಹತ್ತಿರ ಹಿಡಿದರು. ಪಾಲಣ್ಣ ಕೈ ಎತ್ತಿದ. ಎಡಗಿವಿಯ ಹತ್ತಿರ ತಂದರು. ಕೈ ಮೇಲೇಳಲಿಲ್ಲ. ಕಿವಿಗೆ ತಾಗಿಸಿ ಹಿಡಿದರು. ಆಗಲೂ ಕೈ ತೊಡೆಯ ಮೇಲೇ ಇತ್ತು. ಚಿತ್ತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು.

"ಹಿಡಿದ್ರಾ?" ಎಂದು ಕೇಳಿದ ಪಾಲಣ್ಣ, ಕಣ್ಣು ಮುಚ್ಚಿಯೇ.

"ಯಾವಾಗಿಂದ ಹೀಗೆ?" ಎಂದರು ನಸೀಬಾ.

ಅವನು ಕಣ್ಣು ತೆರೆದು ಹೇಳಿದ. "ಎಪ್ಪತ್ತೊಂದರಾಗೆ. ಗನ್ನಿನ ಬಲಕ್ಕೆ ನಿಲ್ಲೋದು ನನ್ನ ಜಾಗ, ಎಡಗಿವಿ ಅದರ ಕಡೆಗೇ. ಯುದ್ಧ ಮುಗಿದ್ಮೇಲೆ ಗುಂಯ್ ಅಂತಿತ್ತು. ಈಗ್ಲೂ ಅಂತೈತೆ. ಎಲ್ರಿಗೂ ಹಂಗೇ ಆಗಿತ್ತು, ಹೋಯ್ತದೆ ಅಂದ್ಕಂಡೆ. ಹೇಳಿದ್ರೆ ಅನ್‌ಫಿಟ್ ಮಾಡಿ ಕಳಿಸ್ತಾರೆ ಅಂತ ಯಾರಿಗೂ ಹೇಳ್ಲಿಲ್ಲ."

"ಮನೆಯಲ್ಲಾದ್ರೂ ಹೇಳಬಾರದಾ?"

"ಏನಂತ ಹೇಳ್ಲಿ ನರ್ಸಮ್ಮ? ಕಿವಿ ಕೇಳಿಸ್ತಿಲ್ಲ ಅಂತ ನಂಗೇ ಗೊತ್ತಾಗ್ಲಿಲ್ಲ. ತಲೆಗೇ ಮಂಕು ಕವಿದೈತೆ, ಓದು ಹತ್ತಲ್ಲ ಅಂತಿದ್ದೆ."

ರೊಪ್ಪದ ಕಡೆಯಿಂದ ಬಂದ ಯತ್ತಪ್ಪ ಇದೆಲ್ಲ ಕೇಳಿಸಿಕೊಂಡು ನಿಂತಿದ್ದ. "ನೋಡ್ರಿ ನರ್ಸಮ್ಮ, ಕಿವಿನೂ ಹೋಗೈತೆ ಅಂತೀರಿ. ಕಿವುಡನಿಗೆ ಕಾಲೇಜು ಯಾಕ್ರಿ? ಸುಮ್ನೆ ಮಿಲ್ಲಿಗೆ ಹೋಗ್ಲಿ."

"ಯತ್ತಪ್ಪಣ್ಣ, ಕಾವಲಿನವನಿಗೆ ಕಿವಿ ಬೇಡ್ವಾ? ಹಿಂದಿಂದ ಯಾರೋ ಬಂದ್ರೆ ಹೇಗೆ ತಿಳೀತದೆ?"

ಯತ್ತಪ್ಪ ಹೆಗಲ ಮೇಲಿನ ಟವಲು ತೆಗೆದು ಕೊಡವಿದ. "ಆದ್ರೂ ಮೂವತ್ತು ವರ್ಷಕ್ಕೆ ಓದೋದು ಅಂದ್ರೆ... ಗಿಡವಾಗಿ ಬಗ್ಗದ್ದು..."

"ಅದು ಮರಕ್ಕೆ ಹೇಳಿದ ಮಾತು. ನಾನು ನರ್ಸ್ ಟ್ರೈನಿಂಗಿಗೆ ಹೋದಾಗ ನನಗೆ ಇಪ್ಪತ್ತೆಂಟು. ನಮ್ಮ ಮನೇಲೂ ಹೀಗೇ ಅಂದಿದ್ರು." ನಸೀಬಾ ಪಾಲಣ್ಣನ ಕಡೆ ತಿರುಗಿದರು. "ಹೆಸರು ಆಮೇಲೆ ತೆಗೆಸೀರಂತೆ. ಸೋಮವಾರ ಮೊದ್ಲು ದೊಡ್ಡಾಸ್ಪತ್ರೆಗೆ ಬರ್ರಿ. ಕಿವಿ ಡಾಕ್ಟ್ರು ನೋಡಲಿ. ಆಮೇಲೆ ನಿಮ್ಮ ಮೇಷ್ಟ್ರ ಹತ್ರ ಹೋಗಿ ಇರೋ ವಿಷಯ ಹೇಳಿ. ಇವೆರಡು ಆದ ಮೇಲೂ ಬಿಡಬೇಕು ಅನ್ನಿಸಿದ್ರೆ ಬಿಡಿ, ನಾನು ಬೇಡ ಅನ್ನಲ್ಲ."

ಸೋಮವಾರ ಪಾಲಣ್ಣನ ಜೊತೆ ಯತ್ತಪ್ಪನೂ ಹೊರಟ. ಆಸ್ಪತ್ರೆಯಲ್ಲಿ ಬಹಳ ಹೊತ್ತು ಕಾದರು. ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಕವಲಿರುವ ಒಂದು ಉಕ್ಕಿನ ಕಡ್ಡಿಯನ್ನು ಮಿಡಿದು ಕಿವಿಯ ಬಳಿ ಹಿಡಿದರು, ಹಣೆಯ ಮೇಲೆ ಇಟ್ಟರು.

"ಗುಂಡಿನ ಸದ್ದಿಗೆ ಎಡಗಿವಿಯ ನರ ಹಾಳಾಗಿದೆ" ಎಂದರು. "ಇದಕ್ಕೆ ಮದ್ದಿಲ್ಲ, ಸುಳ್ಳು ಹೇಳಲಾರೆ. ಬಲಗಿವಿ ಚೆನ್ನಾಗಿದೆ, ಅದನ್ನ ಕಾಪಾಡಿಕೊಳ್ಳಿ. ಕಡ್ಡಿ ಹಾಕಬೇಡಿ, ಕಾಸಿದ ಎಣ್ಣೆ ಬಿಡಬೇಡಿ. ಯಾರೇ ಮಾತಾಡಲಿ, ಅವರು ನಿಮ್ಮ ಬಲಗಡೆ ಇರುವ ಹಾಗೆ ನೋಡಿಕೊಳ್ಳಿ."

"ಓದಬಹುದಾ ಸಾರ್?" ಎಂದು ಕೇಳಿದವನು ಯತ್ತಪ್ಪ.

"ಓದೋದು ಕಣ್ಣಲ್ಲಿ, ತಿಳಿಯೋದು ತಲೆಯಲ್ಲಿ. ಅವೆರಡೂ ಸರಿಯಾಗೇ ಇವೆ" ಎಂದರು ಡಾಕ್ಟರು. "ಸೈನಿಕರ ಕಚೇರಿಗೂ ಹೋಗಿ ಬನ್ನಿ. ಸೇವೆಯಲ್ಲಿ ಆದ ತೊಂದರೆಗೆ, ಓದುವವರಿಗೆ ಏನೇನು ಸಹಾಯ ಉಂಟು ಅಂತ ಕೇಳಿ."

ಆಸ್ಪತ್ರೆಯಿಂದ ಹೊರಬಂದ ಮೇಲೆ ಯತ್ತಪ್ಪ ಒಂದು ಮರದ ಬುಡದಲ್ಲಿ ಕೂತುಬಿಟ್ಟ. ಬೀಡಿ ತೆಗೆದ, ಹಚ್ಚಲಿಲ್ಲ.

"ಲೇ ಪಾಲ. ಬಂದಾಗಿಂದ ಎಷ್ಟು ಬೈದಿದೀನಲೇ ನಿನ್ನ. ಕರೆದ್ರೆ ಓ ಅನ್ನಲ್ಲ, ಅಣ್ಣ ಅನ್ನೋ ಮರ್ಯಾದೆ ಇಲ್ಲ, ಮಿಲ್ಟ್ರಿ ಸೊಕ್ಕು ಅಂತ ಹಟ್ಟಿಗೆಲ್ಲ ಹೇಳ್ಕಂಡು ಬಂದೆ."

"ನೀನು ಬೈದಿದ್ದೂ ಅರ್ಧ ಕೇಳಿಸಿಲ್ಲ ಬಿಡಣ್ಣ" ಎಂದ ಪಾಲಣ್ಣ. ಬಹಳ ದಿನಗಳ ಮೇಲೆ ಇಬ್ಬರೂ ನಕ್ಕರು. ನಗುವಾಗ ಯತ್ತಪ್ಪನ ಕಣ್ಣಲ್ಲಿ ನೀರಿತ್ತು. ಎದ್ದಾಗ ಅವನು ಸುತ್ತಿ ಬಂದು ತಮ್ಮನ ಬಲಗಡೆಗೆ ನಿಂತು "ಹೋಗಾಣ ನಡಿ" ಎಂದ.

ಇನ್ನು ಉಳಿದದ್ದು ಮೇಷ್ಟ್ರಿಗೆ ಹೇಳುವುದು. ಅದೇ ಎಲ್ಲಕ್ಕಿಂತ ಕಷ್ಟವಾಯಿತು. ಮರುದಿನ ಪಾಲಣ್ಣ ಮೇಷ್ಟ್ರುಗಳ ಕೊಠಡಿಯ ಬಾಗಿಲಿಗೆ ಎರಡು ಸಲ ಹೋಗಿ ಎರಡು ಸಲ ಹಿಂದಿರುಗಿದ. ತನಗಿಂತ ಚಿಕ್ಕವರ ಮುಂದೆ ನಿಂತು ನನಗೆ ಒಂದು ಕಿವಿ ಇಲ್ಲ ಎನ್ನಬೇಕಲ್ಲ ಎಂದು ನಾಚಿಕೆಯಾಗುತ್ತಿತ್ತು. ಮೂರನೇ ಸಲ ಏಕಾಂತಪ್ಪನವರೇ ಹೊರಗೆ ಬಂದರು.

"ಏನು ಪಾಲಣ್ಣ?"

ಪಾಲಣ್ಣ ಒಂದೇ ಉಸಿರಿಗೆ ಎಲ್ಲ ಹೇಳಿದ. ಗನ್ನು, ಎಡಗಿವಿ, ಡಾಕ್ಟರು, ಅರ್ಧ ಬರೆದ ನೋಟ್ಸು. "ಆವತ್ತು ನೀವು ಏನು ಕೇಳಿದ್ರೋ ನಂಗೆ ಇವತ್ತಿಗೂ ಗೊತ್ತಿಲ್ಲ ಸಾರ್" ಎಂದು ಮುಗಿಸಿದ.

ಏಕಾಂತಪ್ಪನವರು ಕೈಯಲ್ಲಿದ್ದ ಹಾಜರಿ ಪುಸ್ತಕವನ್ನೇ ನೋಡುತ್ತಾ ನಿಂತರು. "ನಾನು ಬೇರೆಯೇ ತಿಳಿದಿದ್ದೆ" ಎಂದರು. "ವರಾಂಡದಲ್ಲಿ ಹಿಂದಿನಿಂದ ಬಂದು ನಮಸ್ಕಾರ ಅಂದರೂ ನೀವು ಸುಮ್ಮನೆ ಹೋಗುತ್ತಿದ್ದಿರಿ. ದೇಶ ಕಂಡವರು, ನನ್ನಂಥ ಸಣ್ಣ ಮೇಷ್ಟ್ರು ಅಂದರೆ ತಾತ್ಸಾರ ಅಂದುಕೊಂಡಿದ್ದೆ. ನಿಮ್ಮನ್ನು ಕಂಡರೆ ನನಗೆ ಸ್ವಲ್ಪ ಹೆದರಿಕೆಯೂ ಇತ್ತು."

"ನಂಗೂ ನಿಮ್ಮನ್ನ ಕಂಡ್ರೆ ಹೆದರಿಕೆ ಸಾರ್."

ಪಾಠ ಹೇಳುವವರು ಬಲಗಡೆಗೆ ಬರಬೇಕೆಂದರೆ ಪಾಲಣ್ಣ ಎಡಗಡೆಯ ಮೊದಲ ಬೆಂಚಿನಲ್ಲಿ ಕೂರಬೇಕು. ಆ ಕಡೆ ಹುಡುಗಿಯರ ಬೆಂಚುಗಳು. ಏಕಾಂತಪ್ಪನವರು ತರಗತಿಯಲ್ಲಿ ವಿಷಯ ತಿಳಿಸಿದಾಗ ಈ ಸಲ ಯಾರೂ ನಗಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು "ನಾವೆಲ್ಲ ಆ ಕಡೆಗೆ ಹೋಗ್ತೀವಿ ಸಾರ್" ಎಂದಳು. ಹುಡುಗರು ಈ ಕಡೆ, ಹುಡುಗಿಯರು ಆ ಕಡೆ. ಬೆಂಚು ಎಳೆಯುವ ಸದ್ದಿನಲ್ಲಿ ಅರ್ಧ ಪಾಠದ ಹೊತ್ತು ಹೋಯಿತು. ಸಂಜೆ ಅದೇ ಹುಡುಗಿ ತನ್ನ ನೋಟ್ಸು ತಂದು "ಅಣ್ಣಾ, ಬಿಟ್ಟುಹೋಗಿರೋದನ್ನ ಇದರಲ್ಲಿ ನೋಡ್ಕೊಳ್ಳಿ" ಎಂದು ಕೊಟ್ಟಳು.

ಮನೆಯಲ್ಲೂ ಚಿತ್ತಮ್ಮ ಒಂದು ಕಟ್ಟು ಮಾಡಿದಳು. "ನಿಮ್ಗೆ ಯಾರಾದ್ರೂ ಹೇಳಿದ್ರೇ ಆಗೋದು ತಾನೆ? ನಾನು ಹೇಳ್ತೀನಿ. ಸಂಜೆ ಆರರಿಂದ ಎಂಟು ಓದು. ಎಂಟಕ್ಕೆ ಊಟ. ಊಟ ಆದ್ಮೇಲೆ ಪುಸ್ತಕ ಮುಟ್ಟಂಗಿಲ್ಲ, ಮಲಗೋದು." ಆ ಎರಡು ಗಂಟೆ ಪಾಲಣ್ಣನನ್ನು ಯಾರೂ ಕರೆಯುವಂತಿರಲಿಲ್ಲ. ಸಂಜೆಯ ರೊಪ್ಪದ ಕೆಲಸವನ್ನು ಯತ್ತಪ್ಪ ಒಬ್ಬನೇ ನೋಡಿಕೊಂಡ. ಯಾರಾದರೂ ಹುಡುಕಿಕೊಂಡು ಬಂದರೆ "ನಮ್ಮುಡುಗ ಓದ್ತಾ ಅವ್ನೆ, ಎಂಟಕ್ಕೆ ಬರ್ರಿ" ಎಂದು ಅವನೇ ಬೀದಿಯಿಂದಲೇ ಸಾಗಹಾಕುತ್ತಿದ್ದ.

ಎಲ್ಲವೂ ನೆಟ್ಟಗಾಯಿತು ಎಂದು ಹೇಳಿದರೆ ಸುಳ್ಳಾದೀತು. ಕಿವಿಯ ಗುಂಯ್ ಸದ್ದು ಹೋಗಲಿಲ್ಲ. ಸೈನಿಕರ ಕಚೇರಿಗೆ ಅರ್ಜಿ ಕೊಟ್ಟು ನಾಲ್ಕು ಸಲ ಅಲೆದ ಮೇಲೆ ಪುಸ್ತಕಕ್ಕೆ ಒಂದಷ್ಟು ನೆರವು ಸಿಕ್ಕಿತು. ಕಿವಿಗೆ ಪರಿಹಾರ ಕೇಳಿದ ಕಾಗದ ಇನ್ನೂ ಓಡಾಡುತ್ತಲೇ ಇತ್ತು. ಪಾಲಣ್ಣ ದಿನವೂ ದಣಿದೇ ಮನೆಗೆ ಬರುತ್ತಿದ್ದ. ಆದರೆ ಈಗಿನ ದಣಿವಿಗೆ ನಿದ್ದೆ ಬರುತ್ತಿತ್ತು.

ಮೊದಲ ವರ್ಷ ಹೇಗೋ ದಾಟಿದ. ಎರಡನೇ ವರ್ಷದ ದೊಡ್ಡ ಪರೀಕ್ಷೆಯಲ್ಲಿ ಅರ್ಥಶಾಸ್ತ್ರಕ್ಕೆ ಐವತ್ತೆರಡು ಬಂತು, ಉಳಿದವೂ ಪಾಸಾದವು. ಇಂಗ್ಲಿಷ್ ಒಂದು ಹೋಯಿತು. ಫಲ ನೋಡಿ ಬಂದು ಪಾಲಣ್ಣ ಗೋಡೆಗೊರಗಿ ಕೂತ.

"ಸಾಕಣ್ಣ. ನನ್ ಕೈಲಾಗಲ್ಲ."

ಯತ್ತಪ್ಪ ಅವನ ಬಲಗಡೆಗೆ ಬಂದು ಕೂತ. "ಒಂದು ತಾನೆ ಹೋಗಿರೋದು? ಉಳಿದವು ಬಂದವಲ್ಲ? ಅಕ್ಟೋಬರ್‌ನಾಗೆ ಇನ್ನೊಂದು ಸಲ ಕಟ್ಟು. ನೀನು ಬಿಡ್ತೀನಿ ಅಂದ್ರೂ ನಾನು ಬಿಡಲ್ಲ ಕಣಲೇ. ಎರಡು ವರ್ಷ ರೊಪ್ಪ ಗುಡಿಸಿದೀನಿ ನಿನ್ ಓದಿಗೆ."

ಪಾಲಣ್ಣ ಕಟ್ಟಿದ. ಅಕ್ಟೋಬರಿನಲ್ಲಿ ಇಂಗ್ಲಿಷೂ ಪಾಸಾಯಿತು, ಮೂವತ್ತೇಳು ಅಂಕ. ಮುಂದಿನ ವರ್ಷ ಮೇಷ್ಟ್ರ ತರಬೇತಿಗೆ ಸೀಟು ಸಿಕ್ಕಿತು. ಅರ್ಜಿಯಲ್ಲಿ "ದೇಹದ ಊನವೇನಾದರೂ ಇದೆಯೇ" ಎಂದು ಕೇಳಿದ್ದರು. "ಎಡಗಿವಿ ಕೇಳಿಸುವುದಿಲ್ಲ" ಎಂದು ತಾನೇ ದುಂಡಗೆ ಬರೆದು, ಅಣ್ಣನಿಗೆ ಓದಿ ಹೇಳಿ, ಸಹಿ ಹಾಕಿದ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಟ್ಟಿಗೂ ಮಿಲಿಟರಿ ಬಿಟ್ಟವರು ಬಂದಿರುತ್ತಾರೆ. ಅವರಿಗೆ ಓದುವ ಆಸೆಯಿದ್ದರೆ ವಯಸ್ಸಿನ ಮಾತೆತ್ತಿ ಕುಗ್ಗಿಸಬೇಡಿ. ದಿನಕ್ಕೆ ಎರಡು ಗಂಟೆ ಅವರಿಗೇ ಬಿಟ್ಟುಕೊಡಿ. ಕರೆದಾಗ ಓಗೊಡದಿದ್ದರೆ, ಬೈಯುವ ಮೊದಲು ಇನ್ನೊಂದು ಪಕ್ಕಕ್ಕೆ ಹೋಗಿ ಕರೆದು ನೋಡಿ. ಅನುಮಾನ ಬಂದರೆ ಹತ್ತಿರದ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ.

ಸೇವೆ ಮುಗಿಸಿ ಬಂದಿರುವ ಅಣ್ಣ, ನಿಮಗೊಂದು ಮಾತು. ಪಾಠ ತಲೆಗೆ ಹತ್ತದಿದ್ದರೆ ದಡ್ಡ ಎಂದು ನಿಮಗೆ ನೀವೇ ಹೆಸರಿಟ್ಟುಕೊಳ್ಳಬೇಡಿ. ಕಿವಿಯೋ, ಕಣ್ಣೋ, ನಿದ್ದೆಯೋ, ಎಲ್ಲಿ ನೋವಿದೆ ಎಂದು ನಿಮ್ಮ ಮೇಷ್ಟ್ರಿಗೆ, ನರ್ಸಮ್ಮನಿಗೆ, ಮನೆಯವರಿಗೆ ಬಾಯಿಬಿಟ್ಟು ಹೇಳಿ. ಜಿಲ್ಲೆಯ ಸೈನಿಕರ ಕಚೇರಿಯಲ್ಲಿ ನಿಮಗೆ ಸಲ್ಲಬೇಕಾದ್ದನ್ನು ಕೇಳಿ. ಒಂದು ಸಲ ಹೋಗಿ ಕೆಲಸವಾಗದಿದ್ದರೆ ಇನ್ನೊಂದು ಸಲ ಹೋಗಿ. ದಣಿದಿದ್ದೀರಿ, ಗೊತ್ತು. ಇವತ್ತು ಮಲಗಿ ದಣಿವಾರಿಸಿಕೊಳ್ಳಿ. ಹೆಸರು ಮಾತ್ರ ತೆಗೆಸಬೇಡಿ.